ಸುಂಯ್ ಅನ್ನುವ ಕಾರು, ಭೋಸರಿಯ ಹೆಸರಿಲ್ಲದ ಗ್ಯಾರೇಜು

ಪುಣೆಯಲ್ಲಿ ಕಾರಿನಿಂದ ಏನೋ ಸದ್ದು ಬರುತ್ತಿದೆ, ಯಾರಿಗೆ ತೋರಿಸಲಿ ಅಂತ ಕೇಳುವವರಿಗೆ ನಾನು ಈಗ ಹೇಳುವುದು ಒಂದೇ ಜಾಗ. ಭೋಸರಿ ಎಮ್‌ಐಡಿಸಿ ಅನ್ನುವ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿರುವ ಒಂದು ತಗಡಿನ ಶೆಡ್. ಬೋರ್ಡಿನ ಮೇಲೆ ಮರಾಠಿಯಲ್ಲಿ ಗ್ಯಾರೇಜ್ ಅಂತ ಮಾತ್ರ ಉಳಿದಿದೆ, ಹೆಸರು ಬಿಸಿಲಿಗೆ ಅಳಿಸಿಹೋಗಿದೆ. ನಡೆಸುವವರು ವಿಜಯಪುರದ ಇಂಡಿ ಕಡೆಯವರು. ಎಲ್ಲರಿಗೂ ಕಾಕಾ.

ನನ್ನದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಳಗಾವಿಗೆ ಹೋಗುವಾಗ ಖಂಬಾಟ್ಕಿ ಘಾಟು ಹತ್ತುತ್ತಿದ್ದೆವು, ಮುಂದುಗಡೆಯಿಂದ ಸಣ್ಣಗೆ ಒಂದು ಸದ್ದು ಶುರುವಾಯಿತು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಸುಂಯ್ ಅನ್ನುತ್ತದಲ್ವಾ, ಅದೇ. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು.

ಊರಿಂದ ವಾಪಸ್ ಬಂದ ಮೇಲೆ ಮೊದಲು ಹೋಗಿದ್ದು ಒಂದು ದೊಡ್ಡ ವರ್ಕ್‌ಶಾಪಿಗೆ, ಹೆಸರು ಬೇಡ. ಏಸಿ ರೂಮು, ಕಾಫಿ ಮಷೀನು, ಎಲ್ಲಾ ಇತ್ತು. ಕಾರಿನ ಬಾನೆಟ್ ತೆಗೆದು ಕಿವಿ ಕೊಟ್ಟು ಕೇಳುವವರೊಬ್ಬರು ಇರಲಿಲ್ಲ, ಅಷ್ಟೇ. ಬೆಲ್ಟ್ ಹಳೆಯದಾಗಿದೆ ಅಂತ ಬದಲಾಯಿಸಿದರು. ಸ್ವಲ್ಪ ದಿನ ಸುಮ್ಮನಿದ್ದ ಸದ್ದು ಮತ್ತೆ ಬಂತು, ಈ ಸಲ ಇನ್ನೂ ಜೋರಾಗಿ. ಮತ್ತೆ ಹೋದರೆ ಗೇರ್‌ಬಾಕ್ಸ್ ಇಳಿಸಿ ನೋಡಬೇಕು ಸರ್ ಅಂದರು. ಅವರು ಕೊಟ್ಟ ಎಸ್ಟಿಮೇಟ್ ನೋಡಿ ನನ್ನ ಹೆಂಡತಿ ಕಾರನ್ನೇ ಮಾರಿಬಿಡಿ ಅಂದಳು.

ಕಾಕಾ ಮಾಡಿದ ಕೆಲಸವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕಂದರೆ ಅರ್ಧದಷ್ಟನ್ನು ನೀವು ಮನೆ ಮುಂದೆಯೇ ಮಾಡಿ ನೋಡಬಹುದು. ಅವರು ಮೊದಲು ಕೇಳಿದ್ದು, ನಿಂತಲ್ಲೇ ಬರುತ್ತದೋ ಓಡುವಾಗ ಮಾತ್ರವೋ ಅಂತ. ಗಾಡಿ ಓಡುವಾಗ ಮಾತ್ರ ಬಂದು ವೇಗದ ಜೊತೆ ಏರಿದರೆ ವೀಲ್ ಬೇರಿಂಗ್, ಟೈರ್ ಕಡೆ ನೋಡಬೇಕು. ನಿಂತಲ್ಲೇ ಎಂಜಿನ್ ಜೊತೆ ಏರಿಳಿದರೆ ಬೆಲ್ಟ್ ತಿರುಗಿಸುವ ಸಾಮಾನುಗಳ ಕಡೆ. ನನ್ನದು ಎರಡನೆಯದು. ಆಮೇಲೆ, "ಗೇರ್‌ಬಾಕ್ಸ್ ಮ್ಯಾಲಿನ ಅನುಮಾನ ಮೊದಲ ತಗದ್ ಬಿಡೂಣ್ರಿ. ನ್ಯೂಟ್ರಲ್‌ನ್ಯಾಗ ಇಟ್ಟು ಕ್ಲಚ್ ಒತ್ರಿ" ಅಂದರು. ಒತ್ತಿದೆ. ಸದ್ದು ಕದಲಲಿಲ್ಲ. ಎಂಜಿನ್ನಿನ ತಿರುಗಾಟವನ್ನು ಗೇರ್‌ಬಾಕ್ಸಿನೊಳಗೆ ತರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋಗಿದ್ದರೆ ಕ್ಲಚ್ ಒತ್ತಿದಾಗ ಶಾಫ್ಟ್ ನಿಲ್ಲುತ್ತದೆ, ಸದ್ದೂ ನಿಲ್ಲಬೇಕು. ಒಂದು ಪೆಡಲ್ ಒತ್ತಿ ನೋಡಿದ್ದರೆ ಆ ದೊಡ್ಡ ವರ್ಕ್‌ಶಾಪಿನವರಿಗೂ ಇದು ಗೊತ್ತಾಗುತ್ತಿತ್ತು.

ಏಸಿ ಹಾಕಿ ನೋಡಿದರು, ವ್ಯತ್ಯಾಸ ಇಲ್ಲ. ಹೆಡ್‌ಲೈಟು, ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್ ಎರಡೂ ಹಾಕಿಸಿ "ರೇಸ್ ಕೊಡ್ರಿ" ಅಂದರು. ಸುಂಯ್ ಸ್ವಲ್ಪ ದಪ್ಪವಾಯಿತು. ಕರೆಂಟ್ ಜಾಸ್ತಿ ಬೇಕಾದಾಗ, ಅದನ್ನು ತಯಾರಿಸಿಕೊಡುವ ಆಲ್ಟರ್ನೇಟರ್ ಮೇಲೆ ಭಾರ ಬೀಳುತ್ತದೆ, ಅನುಮಾನ ಅಲ್ಲಿಗೆ ಹೋಯಿತು. ಆಗ ಒಂದು ಉದ್ದನೆಯ ಪೇಚ್‌ಕಸ್, ಅಂದರೆ ಸ್ಕ್ರೂಡ್ರೈವರ್, ತಂದರು. ಅದರ ತುದಿಯನ್ನು ಆಲ್ಟರ್ನೇಟರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ನನ್ನ ಕೈಗೂ ಕೊಟ್ಟರು, ಶರ್ಟಿನ ತೋಳು ಮಡಚಿಸಿ, ಬೆಲ್ಟಿನಿಂದ ದೂರ ನಿಲ್ಲಿಸಿ. ವಾಟರ್ ಪಂಪಿನ ಮೇಲೆ ಇಟ್ಟರೆ ಮೆತ್ತಗೆ ಒಂದೇ ಸಮನೆ ಕೇಳುತ್ತದೆ. ಆಲ್ಟರ್ನೇಟರ್ ಮೇಲೆ ಇಟ್ಟ ಕೂಡಲೇ ಗರಗರ ಅಂತ ತಲೆಯೊಳಗೇ ಕೊರೆದ ಹಾಗಾಯಿತು.

ಅಷ್ಟಾದರೂ ಬಿಚ್ಚಲಿಲ್ಲ, ನೋಡಿ. ಬೆಲ್ಟ್ ಕಳಚಿ ಎಂಜಿನನ್ನು ಅರ್ಧ ನಿಮಿಷ ಓಡಿಸಿದರು. ಸದ್ದು ಮಾಯ. ನನ್ನ ಕಾರಿನಲ್ಲಿ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ, ಅದಕ್ಕೇ ಕೂಡಲೇ ಬಂದ್ ಮಾಡಿಸಿದರು. ಬೆಲ್ಟ್ ಇಲ್ಲದೆ ಸುಮ್ನೆ ಓಡಿಸುತ್ತಾ ನಿಂತರೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ.

ಆಮೇಲೆ ಆಲ್ಟರ್ನೇಟರ್ ಬಿಚ್ಚಿ, ಅದರ ಬೇರಿಂಗ್ ನನ್ನ ಅಂಗೈ ಮೇಲೆ ಇಟ್ಟರು. ಅಂಚಿನಲ್ಲಿ 6203 ಅಂತ ಕೊರೆದಿತ್ತು, ಕೊನೆಯ 03 ಅಂದರೆ ಒಳಗಿನ ತೂತು 17 ಮಿಲಿಮೀಟರ್ ಅಂತೆ. ರಬ್ಬರ್ ಸೀಲ್ ಒಂದು ಕಡೆ ಎದ್ದಿತ್ತು. ಗ್ರೀಸ್ ಒಣಗಿ ಕಪ್ಪು ಪುಡಿಯಾಗಿತ್ತು. ಬೆರಳಿಂದ ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಕರಕರ. ಆಲ್ಟರ್ನೇಟರ್ ಎಂಜಿನ್ನಿಗಿಂತ ಎರಡು ಮೂರು ಪಟ್ಟು ಜೋರಾಗಿ ತಿರುಗುತ್ತದೆ, ಹಾಗಾಗಿ ಆ ಕರಕರವೇ ನಮಗೆ ಸಣ್ಣ ಸುಂಯ್ ಆಗಿ ಕೇಳುತ್ತದೆ. ಹೊಸ ಬೆಲ್ಟನ್ನು ಮಿತಿಮೀರಿ ಬಿಗಿದಿದ್ದೂ ಸೇರಿಕೊಂಡಿತ್ತು. "ಇಷ್ಟ್ ಬಿಗಿ ಯಾರ್ರಿ ಮಾಡಿದ್ದು? ಮೊದಲ ಬೇರಿಂಗ್ ಸೋತಿತ್ತು, ಇದು ಪೂರಾ ತಿಂದೈತಿ" ಅಂತ ಕಾಕಾ ಬೈದರು, ನನ್ನನ್ನೇ.

ನಾನು ನಾನಾ ಪೇಠಿಗೆ ಹೋಗಿ ಹಳೇ ಆಲ್ಟರ್ನೇಟರ್ ಹುಡುಕಲಾ ಅಂತ ಕೇಳಿದ್ದಕ್ಕೆ ಬೇಡವೇ ಬೇಡ ಅಂದರು, ಅದರ ಬೇರಿಂಗ್ ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು ಅಂತ. ಹಿಂದೆ ಮುಂದೆ ಎರಡೂ ಬೇರಿಂಗ್ ಹೊಸದು, ಬಿಚ್ಚಿದ್ದು ಹೇಗೂ ಆಯಿತು ಅಂತ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆದ ಕಾರ್ಬನ್ ಬ್ರಷ್ಷೂ ಹೊಸದು. ಕೊನೆಗೆ ಮೀಟರ್ ಹಚ್ಚಿದರೆ ಬ್ಯಾಟರಿಯಲ್ಲಿ 14.2 ವೋಲ್ಟ್, ಅಂದರೆ ಚಾರ್ಜ್ ಸರಿಯಾಗಿ ಆಗುತ್ತಿದೆ. ಎಲ್ಲಾ ಸೇರಿ 1,900 ರೂಪಾಯಿ. ಹಳೇ ಸಾಮಾನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು, ಕೇಳದೇನೇ.

ಬೇಜಾರಿನ ವಿಷಯಗಳೂ ಇವೆ. ಫೋನ್ ಎತ್ತುವುದಿಲ್ಲ. ಮಧ್ಯಾಹ್ನ ಮುಗಿಸುತ್ತೇನೆ ಅಂದರೆ ಸಂಜೆ ಅಂತ ತಿಳಿದುಕೊಳ್ಳಿ. ಕೂರೋಕೆ ಒಂದು ಹಳೇ ಟೈರ್ ಬಿಟ್ಟರೆ ಏನಿಲ್ಲ, ಮಳೆಗಾಲದಲ್ಲಿ ಶೆಡ್ ಮುಂದೆ ಮೊಣಕಾಲುದ್ದ ಕೆಸರು. ಬಿಲ್ ಬೇಕು ಅಂದರೆ ಡೈರಿ ಹಾಳೆ ಹರಿದು ಬರೆದುಕೊಡುತ್ತಾರೆ. ಕಂಪ್ಯೂಟರ್ ಹಚ್ಚಿ ನೋಡುವ ಸೆನ್ಸರ್ ಕೆಲಸ, ಏಸಿ ಗ್ಯಾಸ್ ಇಲ್ಲಿ ಆಗುವುದಿಲ್ಲ, ಅದನ್ನು ಅವರೇ ಹೇಳಿ ವಾಪಸ್ ಕಳಿಸುತ್ತಾರೆ. ವಾರಂಟಿ ಇರುವ ಹೊಸ ಕಾರಿನವರು ಕಂಪನಿಗೇ ಹೋಗಿ.

5ಕ್ಕೆ 4 ಕೊಡುತ್ತೇನೆ. ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಸದ್ದು ಯಾವಾಗ ಬರುತ್ತದೆ ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಗುರುವಾರ ಮಾತ್ರ ಹೋಗಬೇಡಿ, ಬಂದ್ ಇರುತ್ತದೆ.