ಮೆಥಡೋನೋ, ಬ್ಯುಪ್ರೆನಾರ್ಫಿನೋ?

ಹೆರಾಯಿನ್‌ನಂಥ ಅಫೀಮು ವರ್ಗದ ವ್ಯಸನಕ್ಕೆ ದೀರ್ಘಾವಧಿ ಚಿಕಿತ್ಸೆಯಾಗಿ ಬಳಸುವ ಈ ಎರಡೂ ಔಷಧಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಮೆಥಡೋನ್ ದ್ರವವನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ ಸಿಬ್ಬಂದಿಯ ಕಣ್ಣೆದುರೇ ಕುಡಿಯಬೇಕು. ರೋಗಿಯನ್ನು ಚಿಕಿತ್ಸೆಯಲ್ಲಿ ಹಿಡಿದಿಡುವಲ್ಲಿ ಇದರದೇ ಮೇಲುಗೈ. ಆದರೆ ಪ್ರಮಾಣ ಮೀರಿದರೆ ಉಸಿರಾಟ ಕುಗ್ಗುತ್ತದೆ, ಹೃದಯದ ಲಯ ಏರುಪೇರಾಗುವ ಸಂಭವವಿರುವುದರಿಂದ ಇಸಿಜಿಯೂ ಬೇಕಾಗಬಹುದು. ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ನುಂಗದೆ, ಪೂರ್ತಿ ಕರಗುವವರೆಗೆ ನಾಲಿಗೆಯಡಿ ಇಟ್ಟುಕೊಳ್ಳಬೇಕು. ಒಂದು ಮಿತಿಯಾಚೆ ಅದರ ಪರಿಣಾಮ ಏರದಿರುವುದರಿಂದ ಅಪಾಯ ಕಡಿಮೆ (ಮದ್ಯವೋ ನಿದ್ರೆಮಾತ್ರೆಯೋ ಜೊತೆಗೂಡಿದರೆ ಈ ಮಾತು ನಿಲ್ಲದು). ಮಾದಕ ವಸ್ತು ನಿಲ್ಲಿಸಿದಾಗ ಬರುವ ಮೈಕೈ ನೋವು, ಆಕಳಿಕೆ, ಮೂಗು ಸೋರುವುದು ಮೊದಲಾದ ಲಕ್ಷಣಗಳು ಕಾಣಿಸಿಕೊಳ್ಳುವ ಮುನ್ನವೇ ಅದನ್ನು ಆರಂಭಿಸಿದರೆ ಯಾತನೆ ಒಮ್ಮೆಲೇ ಉಲ್ಬಣಿಸಬಹುದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿತ್ಯ ಕೇಂದ್ರಕ್ಕೆ ಹೋಗಿಬಂದರೆ ಕೆಲಸ ಕೆಡುವುದೆನ್ನುವವರಿಗೆ, ವೈದ್ಯರು ಒಪ್ಪಿದರೆ ನಲಾಕ್ಸೋನ್ (ಚುಚ್ಚಿಕೊಂಡು ದುರುಪಯೋಗ ಮಾಡದಂತೆ ಸೇರಿಸುವ ಔಷಧಿ) ಬೆರೆತ ಮಾತ್ರೆಯಾಗಿ ಮನೆಗೆ ಒಯ್ಯಬಹುದಾದ ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಈ ಬಗ್ಗೆ ವಿಚಾರಿಸಬಹುದು.