ಹುಡುಕು ಚೀಟಿಯೋ, ಅರ್ಧ ಚಿತ್ರವೋ? ವಸ್ತುಸಂಗ್ರಹಾಲಯದಲ್ಲಿ ಮಕ್ಕಳ ಎರಡು ಆಟ

ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಈ ಎರಡೂ ಆಟಗಳನ್ನು ಆಡಿಸಿ ನೋಡಿದ್ದೇವೆ: ಸುಳಿವು ಹಿಡಿದು ವಸ್ತು ಹುಡುಕುವ ‘ಹುಡುಕು ಚೀಟಿ’, ಶಿಲ್ಪದ ಅರ್ಧ ಗೆರೆಚಿತ್ರವನ್ನು ನೋಡಿ ಪೂರ್ತಿ ಮಾಡುವ ‘ಅರ್ಧ ಚಿತ್ರ’. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಂಥ ಕಡೆ, ಅದೇ ಜಿಲ್ಲೆಯ ಸನ್ನತಿಯ ಬೌದ್ಧ ಶಿಲ್ಪಗಳ ಮುಂದೆ, ನಮ್ಮ ಆಯ್ಕೆ ಅರ್ಧ ಚಿತ್ರ.

ಹುಡುಕು ಚೀಟಿ ತಯಾರಿಸುವುದು ಸುಲಭ, ಕೆಡುವುದೂ ಅಷ್ಟೇ ಸುಲಭ. ‘ಕುದುರೆ ಎಲ್ಲಿದೆ?’ ಎಂಬಂಥ ಹತ್ತು ಸುಳಿವು ಕೊಟ್ಟರೆ ಮಕ್ಕಳು ಕಂಡದ್ದಕ್ಕೆ ಗುರುತು ಹಾಕಿ ಮುಂದಕ್ಕೆ ಓಡುತ್ತಾರೆ. ಒಂದು ಗುಂಪು ಉತ್ತರ ಕೂಗಿತೆಂದರೆ ಉಳಿದವರು ನೋಡುವುದನ್ನೇ ಬಿಡುತ್ತಾರೆ. ನಾಲ್ಕು ಸುಳಿವು ಸಾಕು. ಒಂದೊಂದು ಗುಂಪಿಗೆ ಸುಳಿವುಗಳ ಕ್ರಮ ಬೇರೆ ಬೇರೆ ಇರಲಿ. ಬೇಗ ಮುಗಿಸಿದವರಿಗೆ ಬಹುಮಾನ ಬೇಡ. ‘ಸವಾರ ಏನು ಹಿಡಿದಿದ್ದಾನೆ?’ ಎಂದು ವಿವರ ಕೇಳಿ.

ಅರ್ಧ ಚಿತ್ರಕ್ಕೆ ಮೊದಲೇ ಹೋಗಿ, ಅನುಮತಿ ಪಡೆದು, ಶಿಲ್ಪದ ಫೋಟೊ ತೆಗೆದುಕೊಳ್ಳಬೇಕು. ಎ4 ಹಾಳೆಯಲ್ಲಿ ಅರ್ಧ ಭಾಗದ ಗೆರೆಗಳನ್ನು ಮಾತ್ರ ಮೂಡಿಸಿ, ಉಳಿದದ್ದನ್ನು ಮಕ್ಕಳಿಗೆ ಬಿಡಿ. ಯಾವ ಅರ್ಧ ಎಂಬುದರಲ್ಲೇ ಆಟದ ಗುಟ್ಟಿದೆ. ಶಿಲ್ಪದಲ್ಲಿ ಕೆತ್ತಿದ ಸ್ತೂಪದ (ಬೌದ್ಧರ ಗುಮ್ಮಟದಂಥ ಸ್ಮಾರಕ) ಚಿತ್ರವನ್ನು ಎಡ–ಬಲವಾಗಿ ಸೀಳಿದರೆ ಮಗು ಶಿಲ್ಪ ನೋಡದೆಯೇ ಈ ಬದಿಯನ್ನು ಆ ಬದಿಗೆ ತಿರುಗಿಸಿ ಬರೆದುಬಿಡುತ್ತದೆ. ಆದ್ದರಿಂದ ಮೇಲಿನ ಭಾಗ ಕೊಟ್ಟು ಕೆಳಗಿನದು ಬಿಡಿ. ವೀರಗಲ್ಲಾದರೆ ಕೆಳಗಿನ ಯುದ್ಧದ ಪಟ್ಟಿಕೆ ಕೊಟ್ಟು ಮೇಲಿನವನ್ನು ಖಾಲಿ ಬಿಡಿ. ಸತ್ತ ವೀರ ಎಲ್ಲಿಗೆ ಹೋದ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆ ಪ್ರಶ್ನೆಗಾಗಿಯೇ ಈ ಆಟವನ್ನು ನಾವು ಮೆಚ್ಚುವುದು. ಒಂದು ಶಿಲ್ಪಕ್ಕೆ ನಾಲ್ವರು, ಹದಿನೈದು ನಿಮಿಷ, ಕೈಗೊಂದು ರಟ್ಟು. ಪೆನ್ಸಿಲ್ ಮಾತ್ರ; ಶಾಯಿ ಕಲ್ಲಿಗೆ ತಗಲಿದರೆ ಹೋಗುವುದಿಲ್ಲ. ‘ನನಗೆ ಬರೆಯೋಕೆ ಬರಲ್ಲ ಸರ್’ ಎನ್ನುವ ಮಗುವಿಗೆ ಶಿಲ್ಪದ ಭಂಗಿಯಲ್ಲಿ ನಿಲ್ಲಲು ಹೇಳಿ. ಕೈ ಎಲ್ಲಿದೆ, ಭಾರ ಯಾವ ಕಾಲ ಮೇಲಿದೆ ಎಂಬುದು ಮೈಗೇ ತಿಳಿಯುತ್ತದೆ.

ಹಾಗೆಂದು ಚೀಟಿ ಎಲ್ಲೆಡೆ ಸೋಲುವುದಿಲ್ಲ. ಆರೇಳು ವರ್ಷದವರು ಚಿತ್ರಕ್ಕೆ ಅಷ್ಟು ಹೊತ್ತು ಕೂರುವುದಿಲ್ಲ. ಬೀದರ್ ಕೋಟೆಯಂಥ ವಿಶಾಲ ಜಾಗದಲ್ಲೂ ಚೀಟಿಯೇ ಸರಿ: ಸೋಲಾ ಖಂಬಾ ಮಸೀದಿಗೆ ಹೆಸರು ತಂದ ಹದಿನಾರು ಕಂಬ ಎಣಿಸುವುದು, ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಹುಡುಕುವುದು. ಗುಂಪಿಗೊಬ್ಬ ದೊಡ್ಡವರು ಜೊತೆಗಿರಲೇಬೇಕು.

ಎರಡೂ ಆಟ ನೀಗದ ಕೊರತೆ ಒಂದಿದೆ: ಮುಟ್ಟುವ ಆಸೆ. ಅದಕ್ಕೆ ಶಹಾಬಾದ್ ಫರ್ಸಿಯ (ನೆಲಕ್ಕೆ ಹಾಸುವ ಕಲ್ಲು) ಒಂದು ಚೂರು ಒಯ್ಯಿರಿ. ಸನ್ನತಿಯ ಶಿಲ್ಪಗಳಂತೆ ಅದೂ ಸುಣ್ಣಕಲ್ಲೇ. ಮೊಳೆಯಿಂದ ಗೀಚಿ, ಬಂದ ಪುಡಿಗೆ ನಿಂಬೆರಸ ಹಾಕಿದರೆ ಸಣ್ಣ ಗುಳ್ಳೆ ಏಳುತ್ತದೆ. ಪುಡಿ ಮಾಡದೆ ಹಾಕಿದರೆ ಗುಳ್ಳೆ ಕಣ್ಣಿಗೆ ಬೀಳುವುದು ಕಷ್ಟ. ಇದನ್ನು ಕಟ್ಟಡದ ಹೊರಗೆ, ತಂದ ಚೂರಿನ ಮೇಲೆ ಮಾತ್ರ ಮಾಡಿಸಿ.