ಹತ್ತಿರದ ಲಾಯದಲ್ಲೇ ಕುದುರೆ ಕೊಂಡೆ, ನಾಲ್ಕು ಸಲ ಹೋಗಿ ನೋಡಿದ ಮೇಲೆ

ಇಂಗ್ಲಿಷ್ ಪ್ಲೆಷರ್ ಸವಾರಿಗೆ, ಅಂದರೆ ಇಂಗ್ಲಿಷ್ ಶೈಲಿಯ ಜೀನು ಹಾಕಿ ಆರಾಮವಾಗಿ ಸವಾರಿ ಮಾಡುವುದಕ್ಕೆ, ಒಂದು ಕುದುರೆ ಬೇಕಿತ್ತು. ಎರಡು ತಿಂಗಳು ಸುಮ್ನೆ ವಿಡಿಯೋ ನೋಡಿ ಕಾಲ ಕಳೆದೆ. ವಿಡಿಯೋದಲ್ಲಿ ಎಲ್ಲ ಕುದುರೆಯೂ ಬಂಗಾರವೇ, ಅಲ್ವಾ? ಕೊನೆಗೆ ಹತ್ತಿರದ ಒಂದು ಲಾಯದಿಂದಲೇ ತಗೊಂಡೆ: ಮೋರ್ಗನ್ (ಅಮೆರಿಕದ ಒಂದು ಕುದುರೆ ತಳಿ) ಮಿಶ್ರತಳಿ, ಬೀಜ ಒಡೆಸಿದ ಗಂಡು, 15 ಹ್ಯಾಂಡ್ ಎತ್ತರ, ಅಂದರೆ ಹೆಗಲ ಹತ್ತಿರ 60 ಇಂಚು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ಹತ್ತಿರ ಕೊಳ್ಳುವುದರ ಲಾಭ ಒಂದೇ. ಹೇಳದೆ ಹೋಗಬಹುದು. ಇದಕ್ಕೂ ಮೊದಲು ಬೇರೆ ಒಬ್ಬರ ಹತ್ತಿರ ಹೋಗಿದ್ದೆ, ಹೇಳಿ ಹೋದೆ, ನಾನು ತಲುಪುವಷ್ಟರಲ್ಲಿ ಕುದುರೆಗೆ ಜೀನು ಕಟ್ಟಿ ಆಗಿತ್ತು, ಕುತ್ತಿಗೆ ಮೇಲೆ ಬೆವರು ಒಣಗಿ ಬಿಳಿ ಗೆರೆ ಎದ್ದಿತ್ತು. ಓಡಿಸಿ ಸುಸ್ತು ಮಾಡಿ ನಿಲ್ಲಿಸಿದ ಕುದುರೆ ಸಾಧುವಾಗಿರದೆ ಇನ್ನೇನು! ಅಲ್ಲಿಂದ ಹಾಗೇ ವಾಪಸ್ ಬಂದೆ.

ಈ ಲಾಯಕ್ಕೆ ಎರಡನೇ ಸಲ ಬೆಳಿಗ್ಗೆ ಹೇಳದೇ ಹೋದೆ. ಮಾಲೀಕರು ಮುಖ ಗಂಟು ಹಾಕಲಿಲ್ಲ, ನೀವೇ ಹಿಡಿದು ತನ್ನಿ ಅಂದರು. ಬಯಲಿನಿಂದ ಹಿಡಿದು ತಂದು, ಮೈ ಉಜ್ಜಿ, ನಾಲ್ಕೂ ಗೊರಸು ಎತ್ತಿ ನೋಡಿದೆ. ಕಡಿವಾಣ ಹಾಕುವಾಗ ತಲೆ ಎತ್ತಲಿಲ್ಲ. ಪ್ಲೆಷರ್ ಕ್ಲಾಸಿನಲ್ಲಿ, ಅಂದರೆ ಈ ಸವಾರಿಯ ಸ್ಪರ್ಧೆಯಲ್ಲಿ, ಮುಖ್ಯವಾಗಿ ನೋಡುವುದು ಇದನ್ನೇ, ನಡತೆ. ವಾಕ್ (ನಡಿಗೆ), ಟ್ರಾಟ್ (ಸಾಧಾರಣ ಓಟ), ಕ್ಯಾಂಟರ್ (ಅದಕ್ಕಿಂತ ಜೋರಿನ ನೆಗೆತದ ಓಟ) ಮೂರರಲ್ಲೂ ಕುದುರೆ ಸಲೀಸಾಗಿ ಹೋಗಬೇಕು, ಮೇಲೆ ಕೂತವರಿಗೂ ಖುಷಿಯಾಗಬೇಕು. ಎತ್ತರಕ್ಕೆ ಹಾರುವ ಕುದುರೆ ನನಗೆ ಬೇಕಾಗಿಲ್ಲ. ಮೊದಲು ಅವರ ಸವಾರನನ್ನು ಹತ್ತಿಸಿ ನೋಡಿದೆ, ಆಮೇಲೆ ನಾನು ಹತ್ತಿದೆ. ಬಲಕ್ಕೆ ತಿರುಗುವಾಗ ಕ್ಯಾಂಟರ್ ಸರಿಯಾದ ಕಾಲಿನಲ್ಲಿ, ಅಂದರೆ ಬಲ ಮುಂಗಾಲು ಮುಂದಾಗಿ, ಶುರುವಾಗಲು ಎರಡು ಸಲ ಕೇಳಬೇಕಾಯಿತು. ಅದು ಅಭ್ಯಾಸದಿಂದ ಸರಿಹೋಗುವ ವಿಷಯ, ಬಿಟ್ಟೆ.

ಮೂರನೇ ಸಲ ನನ್ನದೇ ವೆಟ್ (ಪಶುವೈದ್ಯರು) ಜೊತೆ ಹೋದೆ. ಮಾರುವವರ ವೆಟ್ ಎಷ್ಟೇ ಒಳ್ಳೆಯವರಿದ್ದರೂ ಬೇಡ. ನನ್ನ ವೆಟ್ ಕುಂಟು ಇದೆಯಾ ಅಂತ ನೋಡಲು ಒಂದೊಂದೇ ಕಾಲನ್ನು ಒಂದು ನಿಮಿಷದ ಹಾಗೆ ಮಡಚಿ ಹಿಡಿದು, ಬಿಟ್ಟ ತಕ್ಷಣ ಗಟ್ಟಿ ನೆಲದ ಮೇಲೆ ಟ್ರಾಟ್ ಓಡಿಸಿದರು. ನೋಯುವ ಮುಂಗಾಲು ನೆಲಕ್ಕೆ ತಾಗಿದರೆ ಕುದುರೆ ತಲೆ ಮೇಲೆ ಎಗರಿಸುತ್ತದೆ. ಇದು ಎಗರಿಸಲಿಲ್ಲ. ನೋವಿನ ಮಾತ್ರೆ ಕೊಟ್ಟು ಕುಂಟು ಮುಚ್ಚಿಡುವವರೂ ಇರುವುದರಿಂದ ರಕ್ತ ಪರೀಕ್ಷೆಯನ್ನೂ ಮಾಡಿಸಿದೆ. ಮಾಲೀಕರು ತಕರಾರು ಮಾಡಲಿಲ್ಲ, ಅದೂ ಅವರ ಪರವಾಗಿ ಒಂದು ಅಂಕ.

ಈಗ ಹೋದ ಸ್ಟಾರ್ ವಿಷಯ. ವಯಸ್ಸು ಏಳು ಅಂದಿದ್ದರು. ವೆಟ್ ತುಟಿ ಎತ್ತಿ ಮೇಲಿನ ಮೂಲೆಯ ಬಾಚಿಹಲ್ಲು ತೋರಿಸಿದರು. ಒಸಡಿನ ಅಂಚಿನಲ್ಲಿ ಕಂದು ಗೆರೆ ಇಣುಕುತ್ತಿತ್ತು. ಆ ಗೆರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಸುಮಾರು 10 ವರ್ಷಕ್ಕೆ, ಹಲ್ಲಿನ ಅರ್ಧಕ್ಕೆ ಇಳಿಯುವುದು 15ರ ಹೊತ್ತಿಗೆ. ಕರಾರುವಾಕ್ಕಾದ ಲೆಕ್ಕವಲ್ಲ, ಆದರೆ ಏಳಂತೂ ಅಲ್ಲ. ಕೇಳಿದರೆ "ನಮಗೂ ಹಾಗೇ ಹೇಳಿ ಕೊಟ್ಟಿದ್ದರು" ಅಂದರು. ಇರಬಹುದು. ಬೆಲೆ ಇಳಿಸಿದರು. ನನಗೇನೋ ಹತ್ತು ವರ್ಷದ, ಲೋಕ ಕಂಡ ಕುದುರೆಯೇ ಜಾಸ್ತಿ ಇಷ್ಟ. ಸುಳ್ಳು ಮಾತ್ರ ಇಷ್ಟವಿಲ್ಲ.

ನಾಲ್ಕನೇ ಸಲ ಹೋಗಿದ್ದು ಮನೆಗೆ ಕರೆತರಲು. ಅದು ತಿನ್ನುತ್ತಿದ್ದ ಹುಲ್ಲಿನದೇ ಒಂದಿಷ್ಟು ಕಟ್ಟು ಜೊತೆಗೆ ಕೊಟ್ಟರು, ಮೇವು ಒಮ್ಮೆಲೇ ಬದಲಾಗಿ ಹೊಟ್ಟೆನೋವು ಬರದಿರಲಿ ಅಂತ. ಅವರ ಹಳೇ ಜೀನನ್ನೂ ತಗೊಳ್ಳಿ ಎಂದು ಒತ್ತಾಯ ಮಾಡಿದರು. ಕುದುರೆಯ ಹೆಗಲಿನ ಮೇಲೆ ಅದು ಒತ್ತುತ್ತಿತ್ತು, ಅಲ್ಲೇ ಎರಡು ಕಡೆ ಬಿಳಿ ಕೂದಲೂ ಬಂದಿತ್ತು. ಬೇಡ ಅಂದು ಬಂದೆ.